ಸಾಕು ಇಲಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು: ಹಾಸನದ ಅಡುಗೆಮನೆಯಿಂದ

ನಮ್ಮ ಮನೆಗೆ ಬಂದ ಮೊದಲ ಸಾಕು ಇಲಿಯ ಹೆಸರು ಬೆಳ್ಳಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು, ಪಂಜರದ ಕಂಬಿ ಹಿಡಿದು ಊಟಕ್ಕೆ ಕಾಯುತ್ತಿದ್ದಳು. ಅಂಗಡಿಯಿಂದ ತಂದ ಬಣ್ಣಬಣ್ಣದ ಕಾಳಿನ ಮಿಶ್ರಣವನ್ನು ಅವಳ ಬಟ್ಟಲಿಗೆ ಸುರಿಯುತ್ತಿದ್ದೆ. ಬೆಳಗ್ಗೆ ನೋಡಿದರೆ ಸೂರ್ಯಕಾಂತಿ ಬೀಜ, ಕಡಲೆಕಾಯಿ ಬೀಜ ಖಾಲಿ. ರಾಗಿ, ಗೋಧಿ, ಒಣ ಹಸಿರು ಗುಳಿಗೆಗಳು ಹಾಗೇ ಬಿದ್ದಿರುತ್ತಿದ್ದವು. ಪಾಪ, ಹಸಿದಿರಬೇಕು ಎಂದು ಮತ್ತೆ ತುಂಬಿಸುತ್ತಿದ್ದೆ. ಒಂದೂವರೆ ವರ್ಷಕ್ಕೆ ಅವಳ ತೂಕ 480 ಗ್ರಾಂ ದಾಟಿತು. ಹಿಂಗಾಲಿನ ಅಂಗಾಲು ಹುಣ್ಣಾಯಿತು, ಪಂಜರದ ಏಣಿ ಹತ್ತುವುದನ್ನೇ ಬಿಟ್ಟಳು. ಎರಡು ವರ್ಷ ತುಂಬುವ ಮೊದಲೇ ಹೋದಳು.

ಆಮೇಲೆ ಬಂದ ಚುಕ್ಕಿ, ಗೌರಿ ಇಬ್ಬರಿಗೂ ನಾನು ಬಟ್ಟಲು ತುಂಬಿಸಲಿಲ್ಲ, ತೂಗಿ ಕೊಟ್ಟೆ. ಆರಿಸಿ ತಿನ್ನಲು ಬಿಟ್ಟರೆ ಇಲಿ ಕೊಬ್ಬಿರುವುದನ್ನೇ ಆರಿಸುತ್ತದೆ, ಉಳಿದದ್ದನ್ನು ಬಿಡುತ್ತದೆ. ಬಟ್ಟಲಲ್ಲಿ ಎಷ್ಟು ಒಳ್ಳೆಯ ಕಾಳಿದೆ ಎಂಬುದು ಮುಖ್ಯವಲ್ಲ, ಹೊಟ್ಟೆಗೆ ಯಾವುದು ಹೋಯಿತು ಎಂಬುದು ಮುಖ್ಯ. ಹಾಗಾಗಿ ಪ್ರತಿ ತುತ್ತೂ ಒಂದೇ ಥರ ಇರುವಂತೆ ಉಣಿಸಬೇಕು. ಅದು ಹೇಗೆಂದು ನಮ್ಮ ಕಡೆ ಸಿಗುವ ಸಾಮಾನುಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಕನ್ನಡದಲ್ಲಿ ಅಟ್ಟದ ಮೇಲೆ ಓಡಾಡುವ ಸುಂಡಿಲಿಯೂ ಇಲಿಯೇ, ಇದೂ ಇಲಿಯೇ. ಮನೆಯಲ್ಲಿ ಸಾಕುವ ದೊಡ್ಡ ಇಲಿ ಕಂದು ಇಲಿಯ ವಂಶದ್ದು. ಹತ್ತಾರು ಸುಂಡಿಲಿಗಳಷ್ಟು ತೂಗುತ್ತದೆ. ಪುಟ್ಟ ಬಿಳಿ ಸುಂಡಿಲಿ ಸಾಕಿದವರು ಕೆಳಗಿನ ಅಳತೆಗಳನ್ನು ಬಳಸಬೇಡಿ.

1. ಮೊದಲು ತೂಕ

ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬ, ಒಂದು ನೋಟ್‌ಬುಕ್. ಇಷ್ಟು ಸಾಕು. ವಾರಕ್ಕೊಂದು ದಿನ ಊಟಕ್ಕೆ ಮೊದಲು ಇಲಿಯನ್ನು ಡಬ್ಬದಲ್ಲಿ ಕೂರಿಸಿ ತೂಗಿ ಬರೆದಿಡಿ. ಬೆಳೆದ ಹೆಣ್ಣಿಲಿ ಸಾಮಾನ್ಯವಾಗಿ 250ರಿಂದ 350 ಗ್ರಾಂ, ಗಂಡಿಲಿ 400ರಿಂದ 550 ಗ್ರಾಂ ಇರುತ್ತದೆ. ಒಂದೊಂದರ ಮೈಕಟ್ಟು ಒಂದೊಂದು ಬಗೆ, ಆದ್ದರಿಂದ ಪಕ್ಕದ ಮನೆಯವರ ಇಲಿಗೆ ಹೋಲಿಸಬೇಡಿ. ಅದರದೇ ಕಳೆದ ತಿಂಗಳ ಅಂಕಿಗೆ ಹೋಲಿಸಿ. ಬೆರಳಿನಿಂದ ಬೆನ್ನು ಸವರಿದರೆ ಮೂಳೆ ತಿಳಿಯಬೇಕು, ಆದರೆ ಚುಚ್ಚಬಾರದು.

ದಿನದ ಒಣ ಆಹಾರದ ಲೆಕ್ಕ ಸುಲಭ: ಪ್ರತಿ 100 ಗ್ರಾಂ ಮೈತೂಕಕ್ಕೆ ಸುಮಾರು 5 ಗ್ರಾಂ. 300 ಗ್ರಾಂ ಇಲಿಗೆ 15 ಗ್ರಾಂ. ಕೈಯಲ್ಲಿ ಹಿಡಿದರೆ ಅಯ್ಯೋ ಇಷ್ಟೇನಾ ಅನಿಸುತ್ತದೆ, ನನಗೂ ಅನಿಸಿತ್ತು. ಒಂದು ಕಡಲೆಕಾಯಿ ಬೀಜ ಅರ್ಧ ಗ್ರಾಂ ಎಂದಿಟ್ಟುಕೊಂಡರೆ, ಹತ್ತು ಬೀಜ ತಿಂದ ಇಲಿಗೆ ದಿನಕ್ಕೆ ಬೇಕಾದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಸಿಕ್ಕಿಬಿಡುತ್ತದೆ. ಟಿವಿ ನೋಡುತ್ತ ಒಂದೊಂದೇ ಕೊಟ್ಟರೆ ಹತ್ತು ಬೀಜ ಎಷ್ಟು ಹೊತ್ತಿಗೆ ಮುಗಿಯುತ್ತದೆ ಹೇಳಿ.

ಕಡಿಮೆ ಕೊಟ್ಟರೆ ಇಲಿಗೆ ಅನ್ಯಾಯವಾಗುತ್ತದೆ ಎಂಬ ಅಳುಕು ಇರುವವರಿಗೆ ಒಂದು ಹಳೆಯ ಸಂಗತಿ. 1935ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಲೈವ್ ಮೆಕೇ ಮತ್ತು ಮೇರಿ ಕ್ರೋವೆಲ್, ಪೋಷಕಾಂಶಗಳಿಗೆ ಕೊರತೆ ಮಾಡದೆ ಶಕ್ತಿಯ ಪ್ರಮಾಣವನ್ನು ಮಾತ್ರ ಇಳಿಸಿ ಬೆಳೆಸಿದ ಇಲಿಗಳು ಹೆಚ್ಚು ಕಾಲ ಬದುಕಿದ್ದನ್ನು ವರದಿ ಮಾಡಿದರು. ಹೊಟ್ಟೆಗೆ ಬರೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಎರಡರಿಂದ ಮೂರು ವರ್ಷ ಮಾತ್ರ ಬದುಕುವ ಜೀವಕ್ಕೆ ಅತಿಯಾಗಿ ತುರುಕಿದ ಅನ್ನ ಆಯಸ್ಸನ್ನು ತಿನ್ನುತ್ತದೆ.

2. ಊಟದ ಬುನಾದಿ ಪೆಲೆಟ್

ದಿನದ ಊಟದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಇಲಿಗೆಂದೇ ಮಾಡಿದ ಪೆಲೆಟ್ ಇರಲಿ. ಎಲ್ಲವನ್ನೂ ಅರೆದು ಒತ್ತಿ ಮಾಡಿದ ಗುಳಿಗೆಯಾದ್ದರಿಂದ ಆರಿಸಲು ಏನೂ ಇರುವುದಿಲ್ಲ. ಪೊಟ್ಟಣದ ಹಿಂಭಾಗ ಓದಿ: ಬೆಳೆದ ಇಲಿಗೆ ಪ್ರೋಟೀನ್ ಶೇಕಡಾ 14ರಿಂದ 18, ಕೊಬ್ಬು ಶೇಕಡಾ 4ರಿಂದ 6 ಇದ್ದರೆ ಸರಿ. ಮೊಲದ ಪೆಲೆಟ್ ಬೇಡ. ಅದು ಹುಲ್ಲು ತಿನ್ನುವ ಪ್ರಾಣಿಯ ಆಹಾರ, ಇಲಿ ನಮ್ಮಂತೆ ಎಲ್ಲವನ್ನೂ ತಿನ್ನುವ ಪ್ರಾಣಿ. ಗಿನಿಯಿಲಿಯದೂ ಬೇಡ. ಅದಕ್ಕೆ ವಿಟಮಿನ್ ಸಿ ಹೊರಗಿನಿಂದ ಬೇಕು, ಇಲಿ ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಬಣ್ಣದ ಕಾಳಿನ ಮಿಶ್ರಣದ ಕತೆ ಬೆಳ್ಳಿಯದಾಯಿತಲ್ಲ.

ಇಲಿಗಳು ಇಡೀ ರಾತ್ರಿ ಸ್ವಲ್ಪ ಸ್ವಲ್ಪವೇ ತಿನ್ನುತ್ತವೆ, ಹಾಗಾಗಿ ಸಂಜೆ ಏಳು ಗಂಟೆಯ ಸುಮಾರಿಗೆ ಕೊಡಿ. ಎಲ್ಲವನ್ನೂ ಬಟ್ಟಲಿಗೆ ಹಾಕದೆ ಅರ್ಧದಷ್ಟನ್ನು ತೊಳೆದ ತೆಂಗಿನ ಚಿಪ್ಪಿನ ಅಡಿ, ಖಾಲಿ ಕಾಗದದ ಕೊಳವೆಯೊಳಗೆ, ಹಳೆ ಬಟ್ಟೆಯ ಮಡಿಕೆಯಲ್ಲಿ ಬಚ್ಚಿಡಿ. ಹುಡುಕಿ ತಿನ್ನುವುದು ಇಲಿಗೆ ದೊಡ್ಡ ಖುಷಿ. ಒಂದೇ ಪಂಜರದ ಜೋರಿನ ಇಲಿ ಬಟ್ಟಲಿಗೆ ಅಡ್ಡ ಕುಳಿತು ಇನ್ನೊಂದನ್ನು ಉಪವಾಸ ಕೆಡಹುವುದೂ ತಪ್ಪುತ್ತದೆ. ಬೆಳಗಿನ ಹೊತ್ತಿಗೆ ನಾಲ್ಕಾರು ಗುಳಿಗೆ ಉಳಿದಿದ್ದರೆ ಅಳತೆ ಸರಿಯಿದೆ.

ಇಲಿ ತನ್ನದೇ ಹಿಕ್ಕೆ ತಿನ್ನುವುದನ್ನು ಕಂಡು ಹೊಟ್ಟೆಗೆ ಸಾಲದೇನೋ ಎಂದು ಗಾಬರಿಯಾಗಬೇಡಿ. ಕರುಳಿನಲ್ಲಿ ತಯಾರಾದ ಕೆಲವು ವಿಟಮಿನ್‌ಗಳನ್ನು ಅದು ಹಾಗೆ ಮರಳಿ ಪಡೆಯುತ್ತದೆ.

3. ಪೆಲೆಟ್ ಮುಗಿದ ವಾರಕ್ಕೆ ರಾಗಿ-ಹುರುಳಿ ರೊಟ್ಟಿ

ಹಾಸನದಂಥ ಊರಿನಲ್ಲಿ ಇಲಿಯ ಪೆಲೆಟ್ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ತರಿಸಿಕೊಂಡದ್ದು ತಡವಾದರೆ ಒಂದು ವಾರ ತೂಗಿಸಲು ನಾನು ಮಾಡಿಕೊಳ್ಳುವ ರೊಟ್ಟಿ ಇದು.

ರಾಗಿ ಹಿಟ್ಟು 100 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಹುರಿಗಡಲೆ ಪುಡಿ 50 ಗ್ರಾಂ, ಹುರುಳಿ ಕಾಳು 50 ಗ್ರಾಂ, ಅಗಸೆ ಬೀಜದ ಪುಡಿ 10 ಗ್ರಾಂ, ಒಂದು ಮೊಟ್ಟೆ, ಒಂದು ಹಿಡಿ ನುಗ್ಗೆ ಸೊಪ್ಪು. ಉಪ್ಪು, ಎಣ್ಣೆ, ಖಾರ ಯಾವುದೂ ಇಲ್ಲ. ಹುರುಳಿಯನ್ನು ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಚೆನ್ನಾಗಿ ಹುರಿದೇ ಪುಡಿ ಮಾಡಬೇಕು, ಏಕೆಂದರೆ ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶಗಳಿವೆ. ಎಲ್ಲವನ್ನೂ ಸೊಪ್ಪಿನೊಂದಿಗೆ ಕಲಸಿ, ಬೇಕಾದಷ್ಟೇ ನೀರು ಚಿಮುಕಿಸಿ, ತೆಳ್ಳಗೆ ತಟ್ಟಿ, ಸಣ್ಣ ಉರಿಯಲ್ಲಿ ಎರಡೂ ಬದಿ ಗರಿಗರಿಯಾಗುವವರೆಗೆ ಬೇಯಿಸಿ. ಪೂರ್ತಿ ಆರಿದ ಮೇಲೆ ಬೆರಳುಗುರಿನಷ್ಟು ಚೂರು ಮಾಡಿ. ಮುರಿದಾಗ ಒಳಗೆ ಮೆತ್ತಗಿದ್ದರೆ ಮತ್ತೆ ಹಂಚಿಗೆ ಹಾಕಿ.

ಲೆಕ್ಕ ಹಾಕಿದರೆ ಪ್ರೋಟೀನ್ ಸುಮಾರು ಶೇಕಡಾ 15, ಕೊಬ್ಬು ಸುಮಾರು 5 ಬರುತ್ತದೆ. ಹುರುಳಿಯಲ್ಲಿ ಶೇಕಡಾ 22ರಷ್ಟು ಪ್ರೋಟೀನ್ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ರೊಟ್ಟಿಯಲ್ಲೂ ಆರಿಸುವ ಹಾಗಿಲ್ಲ. ಗೌರಿ ಮೊದಲ ದಿನ ಮೂಗು ತಿರುಗಿಸಿದಳು, ಮೂರನೆಯ ದಿನ ಚುಕ್ಕಿಯ ಕೈಯಿಂದ ಕಿತ್ತುಕೊಂಡು ತಿಂದಳು. ಮೊಟ್ಟೆ ಮುಟ್ಟದ ಮನೆಯವರು ಹುರಿಗಡಲೆಯನ್ನು 20 ಗ್ರಾಂ ಹೆಚ್ಚಿಸಿಕೊಳ್ಳಿ. ಇದನ್ನೇ ತಿಂಗಳುಗಟ್ಟಲೆ ಮುಂದುವರಿಸಬೇಡಿ. ಪೆಲೆಟ್‌ನಲ್ಲಿ ಸೇರಿಸಿರುವ ಕೆಲವು ವಿಟಮಿನ್, ಖನಿಜಗಳು ಇದರಲ್ಲಿ ಸಾಕಷ್ಟು ಇಲ್ಲ.

4. ತರಕಾರಿ, ಸೊಪ್ಪು, ಒಂದಿಷ್ಟು ಮೊಟ್ಟೆ

ದಿನಕ್ಕೆ ಒಂದು ಇಲಿಗೆ ಒಂದು ದೊಡ್ಡ ಚಮಚ ತಾಜಾ ತರಕಾರಿ. ಸೌತೆ, ಕ್ಯಾರೆಟ್, ಕುಂಬಳಕಾಯಿ, ಸೀಮೆಬದನೆ, ಹಸಿ ಬಟಾಣಿ, ನುಗ್ಗೆ ಸೊಪ್ಪು, ಹೊನಗೊನ್ನೆ, ಕೊತ್ತಂಬರಿ ಎಲ್ಲವೂ ಆದೀತು. ಎಲೆಕೋಸು ಸ್ವಲ್ಪ ಮಾತ್ರ, ವಾಯು ತುಂಬುತ್ತದೆ. ಪಾಲಕ್ ದಿನವೂ ಬೇಡ. ಹಣ್ಣನ್ನು ವಾರಕ್ಕೆ ಎರಡು ಮೂರು ಸಲ ಹೆಬ್ಬೆರಳಿನ ಉಗುರಿನಷ್ಟು ಕೊಡಿ: ಸೀಬೆ, ಪಪ್ಪಾಯಿ, ಬೀಜ ತೆಗೆದ ಸೇಬು. ಸಂತೆಯಿಂದ ತಂದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಔಷಧಿ ಹೊಡೆದ ತೋಟದ ಬದುವಿನ ಸೊಪ್ಪನ್ನು ಕೀಳಲೇಬೇಡಿ.

ಬೇಯಿಸಿದ ಮೊಟ್ಟೆಯ ಕಾಲು ಭಾಗ ಎರಡು ಇಲಿಗಳಿಗೆ ವಾರಕ್ಕೆರಡು ಸಲ ಸಾಕು. ಕೋಳಿ ಸಾರು ಮಾಡುವ ಮನೆಯಲ್ಲಿ ಮಸಾಲೆ ಹಾಕುವ ಮೊದಲೇ ಬೆಂದ ಒಂದು ಚೂರು ಎತ್ತಿಡಿ. ಸಸ್ಯಾಹಾರಿ ಮನೆಯಲ್ಲಿ ಬೇಯಿಸಿದ ಮೊಳಕೆ ಹೆಸರುಕಾಳು, ಅರ್ಧ ಚಮಚ ಮೊಸರು.

ಹೊಸದೇನಾದರೂ ಕೊಟ್ಟಾಗ ಇಲಿ ಮುಟ್ಟದಿದ್ದರೆ ಬೇಸರಪಡಬೇಡಿ. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ತಿಂದದ್ದು ವಿಷವಾದರೆ ಹೊರಹಾಕುವ ದಾರಿಯೇ ಇಲ್ಲದ ಜೀವ ಅದು, ಆದ್ದರಿಂದ ಹೊಸ ರುಚಿಯನ್ನು ಕಂಡರೆ ಹಿಂದೆ ಸರಿಯುತ್ತದೆ, ಒಂದು ಚೂರು ಕಚ್ಚಿ ಕಾಯುತ್ತದೆ. ಜೊತೆಯ ಇಲಿಯ ಉಸಿರನ್ನು ಮೂಸಿ ಅದು ತಿಂದಿರುವುದು ತಿನ್ನಬಹುದಾದದ್ದೇ ಎಂದೂ ಕಲಿಯುತ್ತದೆ. ಹಾಗಾಗಿ ಮನೆಯ ಧೈರ್ಯದ ಇಲಿಗೆ ಮೊದಲು ಕೊಡಿ, ಪುಕ್ಕಲ ಇಲಿ ಎರಡು ಮೂರು ದಿನದಲ್ಲಿ ಹಿಂಬಾಲಿಸುತ್ತದೆ. ಪೆಲೆಟ್‌ನ ಬ್ರಾಂಡ್ ಬದಲಿಸುವಾಗಲೂ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತ ಒಂದು ವಾರ ತೆಗೆದುಕೊಳ್ಳಿ.

5. ಮುದ್ದೆ ಬೇಡ

ಇದನ್ನು ಬೇರೆಯಾಗಿ ಹೇಳಲೇಬೇಕು. ನಮ್ಮ ಕಡೆ ಪ್ರೀತಿ ಬಂದವರಿಗೆಲ್ಲ ಮುದ್ದೆಯ ತುತ್ತು ಕೊಡುತ್ತೇವೆ. ನಾನೂ ಚುಕ್ಕಿಗೆ ಬಿಸಿ ಆರಿದ ಮುದ್ದೆಯ ಒಂದು ಸಣ್ಣ ಉಂಡೆ ಕೊಟ್ಟೆ. ಎರಡು ನಿಮಿಷದಲ್ಲಿ ಅವಳು ಗದ್ದವನ್ನು ಎದೆಗೆ ಒತ್ತಿಕೊಂಡು, ಬಾಯಿಂದ ಜೊಲ್ಲು ಸುರಿಸುತ್ತ, ಮುಂಗಾಲಿನಿಂದ ಬಾಯಿ ಕೆರೆಯತೊಡಗಿದಳು. ಅಂಟು ಆಹಾರ ಗಂಟಲಲ್ಲಿ ಸಿಕ್ಕಿಕೊಂಡಿತ್ತು, ಕಕ್ಕಲು ಬರುವುದಿಲ್ಲ. ಪಂಜರದಿಂದ ಊಟ, ನೀರು ಎರಡನ್ನೂ ತೆಗೆದು, ದೀಪ ಆರಿಸಿ, ಅವಳನ್ನು ಸುಮ್ಮನೆ ಬಿಟ್ಟೆ. ಗಂಟೆಯ ಮೇಲೆ ಸರಿಹೋದಳು. ಆ ಒಂದು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ. ನಿಮ್ಮ ಇಲಿಗೆ ಹಾಗಾಗಿ ಉಸಿರಾಟಕ್ಕೇ ತೊಂದರೆ ಕಂಡರೆ ಕಾಯಬೇಡಿ, ಕೂಡಲೇ ಪಶುವೈದ್ಯರ ಬಳಿ ಓಡಿ.

ಮುದ್ದೆಯ ಸಾಲಿಗೇ ಚಿಕ್ಕಿ, ಬೆಲ್ಲದ ಪಾಕದ ಉಂಡೆ, ಗಟ್ಟಿ ಶೇಂಗಾ ಬೆಣ್ಣೆ ಸೇರುತ್ತವೆ. ರಾಗಿ ಕೊಡುವ ಆಸೆಯಿದ್ದರೆ ಉಪ್ಪಿಲ್ಲದ ತೆಳು ಅಂಬಲಿಯನ್ನು ತಟ್ಟೆಯಲ್ಲಿಡಿ, ನೆಕ್ಕಿ ಕುಡಿಯುತ್ತದೆ. ಗಣೇಶನ ಹಬ್ಬದ ದಿನ ಮೂಷಿಕನಿಗೂ ಒಂದು ಪಾಲು ಎನ್ನುವವರು ಹೂರಣದ ಕಡುಬಿನ ಬದಲು ಅಕ್ಕಿಯ ಸಪ್ಪೆ ಕಡುಬಿನಲ್ಲಿ ಒಂದು ಚೂರನ್ನು ಪುಡಿ ಮಾಡಿ ಕೊಡಿ.

6. ಕೊಡಲೇಬಾರದವು

ನನ್ನ ತವರು ಮೂಡಿಗೆರೆ ಕಡೆ. ಮಲೆನಾಡಿನ ಅಡುಗೆಮನೆಯಲ್ಲಿ ನಮಗೆ ರುಚಿಯಾದ ಎಷ್ಟೋ ಪದಾರ್ಥ ಹಸಿಯಾಗಿ ವಿಷ. ಕಳಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸುವುದು, ಬೇಯಿಸುವುದು ಅದರಲ್ಲಿರುವ ಸಯನೈಡ್ ಬಿಡುಗಡೆ ಮಾಡುವ ಅಂಶ ಹೋಗಲೆಂದು. ಮರಗೆಣಸಿನದೂ ಅದೇ ಕತೆ. ಪತ್ರೊಡೆಯ ಕೆಸುವಿನ ಎಲೆ ಬಾಯಿ ತುರಿಸುವುದು ಅದರ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ. ಈ ಮೂರೂ, ಕಾಡಿನ ಅಣಬೆಯೂ ಇಲಿಗೆ ಬೇಡ, ಬೆಂದಿದ್ದರೂ ಬೇಡ. ನಮಗೆ ಸಾಕಾಗುವ ಹದ ಮುನ್ನೂರು ಗ್ರಾಂ ಜೀವಕ್ಕೆ ಸಾಕೆಂದು ನಂಬಿ ಕೊಡುವುದು ಯಾಕೆ? ಅವರೆ, ಹುರುಳಿ, ಅಲಸಂದೆ, ರಾಜ್ಮಾ ಕಾಳುಗಳನ್ನು ಹಸಿಯಾಗಿ ಕೊಡಬಾರದು. ಹಾಸನದಲ್ಲಿ ಮನೆಮನೆಯಲ್ಲಿರುವ ಆಲೂಗೆಡ್ಡೆಯಲ್ಲಿ ಹಸಿರಾದ ಭಾಗ, ಮೊಳಕೆ ಎರಡೂ ವಿಷ. ಬೆಂದ ಬಿಳಿ ತಿರುಳು ಅಪರೂಪಕ್ಕೆ ಒಂದು ಚೂರು ನಡೆಯುತ್ತದೆ.

ತೋಟದ ಬೆಣ್ಣೆಹಣ್ಣಿನ ಸಿಪ್ಪೆ, ಬೀಜ, ಎಲೆ ಅಪಾಯ, ತಿರುಳು ಬರೀ ಕೊಬ್ಬು. ಬಿಟ್ಟರೆ ಒಳ್ಳೆಯದು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಂಡಿಲಿಯ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಗಂಡಿಲಿಯ ಮೈಯಲ್ಲಿ ಮಾತ್ರ ಹೇರಳವಾಗಿರುವ ಒಂದು ಪ್ರೋಟೀನ್‌ಗೆ ಅದು ಅಂಟಿಕೊಳ್ಳುವುದೇ ಕಾರಣ, ಮನುಷ್ಯರಿಗೆ ಆ ತೊಂದರೆಯಿಲ್ಲ. ಕಾಫಿ, ಟೀ, ಚಾಕಲೇಟ್, ಅಡಿಕೆ, ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನಕಾಯಿ, ಒಣಮೀನು, ಕರಿದ ತಿಂಡಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸೋಡಾ ಮತ್ತು ಹುಳಿ ಬರುತ್ತಿರುವ ಹಸಿ ದೋಸೆ ಹಿಟ್ಟು ಹೊಟ್ಟೆಯಲ್ಲಿ ಗಾಳಿ ತುಂಬಿಸುತ್ತವೆ, ಹೊರಹೋಗಲು ದಾರಿಯಿರುವುದಿಲ್ಲ. ಬೆಂದ ಸಪ್ಪೆ ಇಡ್ಲಿಯ ಚೂರು ತೊಂದರೆಯಿಲ್ಲ.

7. ಮಳೆಗಾಲದ ಬೂಷ್ಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಅತಿ ಹೆಚ್ಚು ಚಿಂತೆ ಇದರದು. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ. ಹಾಸನ ಪಟ್ಟಣದಲ್ಲಿ ಅಷ್ಟಿಲ್ಲದಿದ್ದರೂ ತೇವ ಇದ್ದೇ ಇರುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿದರೆ ಸಿಕ್ಕಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ಬೂಷ್ಟು ಉಂಟುಮಾಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಅದು ಇಲಿಗಳ ಯಕೃತ್ತಿನಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂಬುದೂ ಪ್ರಯೋಗಗಳಲ್ಲಿ ಖಚಿತವಾಯಿತು. ಕಡಲೆಕಾಯಿ ಮತ್ತು ಮುಸುಕಿನ ಜೋಳ ಎರಡಕ್ಕೂ ಈ ಬೂಷ್ಟಿನ ಕಾಟ ಹೆಚ್ಚು. ಹುರಿದರೆ, ಬೇಯಿಸಿದರೆ ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಪೂರ್ತಿ ಹೋಗುವುದಿಲ್ಲ. ಒರೆಸಿ, ಬಿಸಿಲಿಗಿಟ್ಟು ಇಲಿಗೆ ಹಾಕಿದರಾಯಿತು ಎನ್ನುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ನಾವು ತಿನ್ನಲಾರದ್ದನ್ನು ಇಲಿಗೆ ಕೊಡಬಾರದು.

ಮಾಡಬೇಕಾದದ್ದು ಇಷ್ಟು. ಮಳೆಗಾಲದಲ್ಲಿ ಪೆಲೆಟ್ ಒಂದು ಕಿಲೋಗಿಂತ ಹೆಚ್ಚು ತರಿಸಬೇಡಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿಡಿ, ಒಣಗಿದ ಕೈಯಿಂದ ಮಾತ್ರ ತೆಗೆಯಿರಿ. ರಾಗಿ ಕಾಳನ್ನು ನಮ್ಮ ಹಿರಿಯರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು ನಿಜ, ಹಿಟ್ಟಾದ ಮೇಲೆ ಆ ತಾಳಿಕೆ ಇಲ್ಲ, ಹಾಗಾಗಿ ರೊಟ್ಟಿಗೆ ಬೇಕಾದಷ್ಟೇ ಬೀಸಿಸಿಕೊಳ್ಳಿ. ಮಾಡಿದ ರೊಟ್ಟಿಯನ್ನು ಮಳೆಗಾಲದಲ್ಲಿ ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ತರಕಾರಿ, ಮೊಟ್ಟೆಯ ಉಳಿಕೆಯನ್ನು ಮಲಗುವ ಮೊದಲು ತೆಗೆಯಿರಿ. ಇನ್ನು, ಇಲಿಗೆ ಕೂಡಿಡುವ ಚಟ. ಮಲಗುವ ಬಟ್ಟೆಯ ಕೆಳಗೆ, ಪಂಜರದ ಮೂಲೆಯಲ್ಲಿ ಅದರ ಗುಪ್ತ ಉಗ್ರಾಣ ಇರುತ್ತದೆ. ದಿನವೂ ಅದನ್ನು ಹುಡುಕಿ ಹಸಿಯದನ್ನೆಲ್ಲ ತೆಗೆದು, ನಾಲ್ಕು ಒಣ ಗುಳಿಗೆ ಅಲ್ಲೇ ಬಿಡಿ. ಪೂರ್ತಿ ಬರಿದು ಮಾಡಿದರೆ ಗೌರಿ ರಾತ್ರಿಯೆಲ್ಲ ಹುಡುಕಾಡುತ್ತಿದ್ದಳು.

ಚೆಲ್ಲಿದ ಕಾಳು ಹೊರಗಿನ ಇಲಿ, ಹೆಗ್ಗಣಗಳನ್ನು ಕರೆಯುತ್ತದೆ. ಅವುಗಳ ಮೂತ್ರದಿಂದ ಇಲಿ ಜ್ವರ ಸಾಕು ಇಲಿಗೂ ಬರಬಹುದು, ನಮಗೂ ಬರಬಹುದು. ಪಂಜರದ ಸುತ್ತ ರಾತ್ರಿ ಗುಡಿಸಿ. ಇಲಿ ಪಾಷಾಣ ಇಡುವ ಮನೆಯಲ್ಲಿ ಸಾಕು ಇಲಿಯನ್ನು ನೆಲಕ್ಕೆ ಬಿಡಬೇಡಿ.

8. ನೀರು

100 ಗ್ರಾಂ ಮೈತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿಲೀಟರ್. ಬಾಟಲಿಯ ನೀರು ದಿನವೂ ಬದಲಿಸಿ, ತುದಿಯ ಗುಂಡನ್ನು ಬೆರಳಿನಿಂದ ಒತ್ತಿ ನೀರು ಬರುತ್ತಿದೆಯೇ ನೋಡಿ. ಗುಂಡು ಕಚ್ಚಿಕೊಂಡರೆ ಬಾಟಲಿ ತುಂಬಿದ್ದರೂ ಇಲಿ ಬಾಯಾರಿ ಒದ್ದಾಡುತ್ತದೆ. ನೀರು ಕಡಿಮೆಯಾದರೆ ಅದು ಊಟವನ್ನೂ ಬಿಡುತ್ತದೆ.

9. ಮರಿ, ಬಸುರಿ, ಮುದಿ

ಮರಿಗಳು ಮೂರು ವಾರಕ್ಕೆ ಹಾಲು ಬಿಡುತ್ತವೆ. ಮೂರು ನಾಲ್ಕು ತಿಂಗಳವರೆಗೆ ಬಟ್ಟಲು ಬರಿದಾಗದಿರಲಿ, ಪ್ರೋಟೀನ್ ಶೇಕಡಾ 18ರಿಂದ 20 ಇರಲಿ, ಮೊಟ್ಟೆ ಒಂದು ದಿನ ಬಿಟ್ಟು ಒಂದು ದಿನ. ಬಸುರಿಗೂ ಹಾಲೂಡುವ ತಾಯಿಗೂ ಇದೇ ಅಳತೆ. ಗರ್ಭ 21ರಿಂದ 23 ದಿನ ಮಾತ್ರ, ಆದ್ದರಿಂದ ತಡಮಾಡದೆ ಶುರುಮಾಡಿ.

ಒಂದೂವರೆ ವರ್ಷ ದಾಟಿದ ಇಲಿಗೆ ಪ್ರೋಟೀನ್ 14ರ ಆಸುಪಾಸಿಗೆ ಇಳಿಸಿ. ಮುದಿ ಇಲಿಯ ಹಿಂಗಾಲು ಸೋತಿದ್ದರೆ ಬಟ್ಟಲನ್ನು ಕೆಳಗಿನ ಅಂತಸ್ತಿಗೆ ತನ್ನಿ, ಪೆಲೆಟ್ ಅನ್ನು ಬಿಸಿನೀರಿನಲ್ಲಿ ನೆನೆಸಿ ಸಡಿಲ ಗಂಜಿಯ ಹದಕ್ಕೆ ಕಲಸಿ ಕೊಡಿ. ಬಾಚಿಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಮೆತ್ತನೆಯ ಊಟದಲ್ಲಿರುವ ಇಲಿಗೆ ಸೀಬೆಯ ಕಡ್ಡಿಯೋ ತೆಂಗಿನ ಚಿಪ್ಪೋ ಕಡಿಯಲು ಇರಲಿ, ವಾರಕ್ಕೊಮ್ಮೆ ಹಲ್ಲಿನ ಉದ್ದ ನೋಡಿ.

10. ಬೆಳಗಿನ ಎರಡು ನಿಮಿಷ

ಬಟ್ಟಲಲ್ಲಿ ಎಷ್ಟು ಉಳಿದಿದೆ, ಹಿಕ್ಕೆ ಗಟ್ಟಿಯಿದೆಯೇ, ಮೂಗು ಕಣ್ಣಿನ ಸುತ್ತ ಕೆಂಪು ಕಲೆ ಇದೆಯೇ ನೋಡಿ. ಆ ಕೆಂಪು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿ ಸ್ರವಿಸುವ ಬಣ್ಣ. ಆದರೆ ದಿನವೂ ಕಂಡರೆ ಇಲಿಗೆ ಕಾಯಿಲೆಯೋ ಒತ್ತಡವೋ ಇದೆಯೆಂದು ಅರ್ಥ. ಒಂದು ವಾರದಲ್ಲಿ ಮೈತೂಕದ ಹತ್ತನೇ ಒಂದು ಭಾಗ ಇಳಿದರೆ, ಅಥವಾ ಒಂದು ರಾತ್ರಿ ಪೂರ್ತಿ ಏನೂ ಮುಟ್ಟದಿದ್ದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹೋಗುವಾಗ ತೂಕದ ನೋಟ್‌ಬುಕ್ ಮತ್ತು ಪೆಲೆಟ್‌ನ ಪೊಟ್ಟಣ ಜೊತೆಯಲ್ಲಿರಲಿ.